ಚಿಮಣಿಯಲ್ಲಿ ಉರಿಯುವ ಗ್ಯಾಸಿನ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹೈಡ್ರೋಜನ್, ಅಂತ ಈಗ ಎಲ್ಲರ ಬಾಯಲ್ಲೂ ಅದೇ ಮಾತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದೇ 19,744 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗಲಿ, ಒಳ್ಳೆಯದೇ. ಆದರೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಯಾರೂ ಬೇಕಂತ ತಯಾರಿಸದ ಹೈಡ್ರೋಜನ್ ದಿನಾ ಹುಟ್ಟುತ್ತಿದೆಯಲ್ಲ, ಅದರ ಸುದ್ದಿ ಯಾಕಿಲ್ಲ?

ಉಕ್ಕು ಮಾಡಲು ಕೋಕ್ ಬೇಕು. ಗಾಳಿಯಾಡದ ಒಲೆಯಲ್ಲಿ ಕಲ್ಲಿದ್ದಲನ್ನು ಸಾವಿರ ಡಿಗ್ರಿ ಆಸುಪಾಸು ಕಾಯಿಸಿದರೆ ಕೋಕ್ ಉಳಿಯುತ್ತದೆ, ಗ್ಯಾಸ್ ಹೊರಬರುತ್ತದೆ. ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೈಡ್ರೋಜನ್ನೇ. ದಕ್ಷಿಣ ಕೊರಿಯಾದ ದೇಸಾನ್‌ನಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಯ ಇಂಥದ್ದೇ ಉಪ ಉತ್ಪನ್ನದ ಹೈಡ್ರೋಜನ್‌ನಿಂದ 2020ರಿಂದ ಫ್ಯೂಯೆಲ್ ಸೆಲ್ ಎಂಬ ಸಾಧನಗಳ ಮೂಲಕ 50 ಮೆಗಾವಾಟ್ ಕರೆಂಟ್ ತೆಗೆಯುತ್ತಿದ್ದಾರೆ. ಫ್ಯೂಯೆಲ್ ಸೆಲ್‌ನಲ್ಲಿ ಹೈಡ್ರೋಜನ್ ಉರಿಯುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟ್, ಬಿಸಿ, ನೀರು ಕೊಡುತ್ತದೆ. ಹೊಗೆ ಇಲ್ಲ, ಹಾರುಬೂದಿ ಇಲ್ಲ. ಕಲ್ಲಿದ್ದಲು ಸುಡುವ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ (ಬಿಟಿಪಿಎಸ್) ಇರುವ ಕುಡತಿನಿ ಸುತ್ತಮುತ್ತಲಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 50 ಮೆಗಾವಾಟ್ ಅಂದರೆ ಬಿಟಿಪಿಎಸ್‌ನ 500 ಮೆಗಾವಾಟ್ ಘಟಕದ ಹತ್ತರಲ್ಲಿ ಒಂದು ಪಾಲು ಅಷ್ಟೇ, ಆದರೂ ಕಡಿಮೆಯೇನಲ್ಲ.

ತೊಡಕೂ ಇದೆ. ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಾದರೆ ಒಂದು ಟನ್ ಸೋಡಾ ತಯಾರಿಸುವಾಗ ಸುಮಾರು 25 ಕೆ.ಜಿ. ಹೈಡ್ರೋಜನ್ ಬಹಳ ಮಟ್ಟಿಗೆ ಶುದ್ಧವಾಗಿಯೇ ಸಿಗುತ್ತದೆ, ಅದರಿಂದ ಹೆಚ್ಚುಕಮ್ಮಿ 400 ಯೂನಿಟ್ ಕರೆಂಟ್ ತೆಗೆಯಬಹುದು. ಕೋಕ್ ಗ್ಯಾಸ್ ಹಾಗಲ್ಲ. ಅದರಲ್ಲಿ ಡಾಂಬರು, ಗಂಧಕ, ಕಾರ್ಬನ್ ಮಾನಾಕ್ಸೈಡ್ ಎಲ್ಲಾ ಬೆರೆತಿರುತ್ತವೆ, ಚೆನ್ನಾಗಿ ಸೋಸದೆ ಬಿಟ್ಟರೆ ಸೆಲ್ ಕೆಟ್ಟುಹೋಗುತ್ತದೆ, ಸೋಸಲು ದುಡ್ಡು ಬೇಕು. ಮೇಲಾಗಿ ಬಹಳಷ್ಟು ಗ್ಯಾಸನ್ನು ಕಾರ್ಖಾನೆಯವರೇ ತಮ್ಮ ಕುಲುಮೆಗಳಿಗೆ ಬಳಸುತ್ತಾರೆ. ಅದನ್ನು ಕಿತ್ತುಕೊಂಡರೆ ಆ ಶಾಖಕ್ಕೆ ಮತ್ತೆ ಬೇರೆ ಇಂಧನ ಸುಡಬೇಕು, ಸುಮ್ನೆ ಕಣ್ಕಟ್ಟು. ಕಲ್ಲಿದ್ದಲಿನಿಂದ ಬಂದದ್ದನ್ನು ಹಸಿರು ಅಂತ ಕರೆಯುವುದೂ ಬೇಡ.

ಹಾಗಾಗಿ ಕೇಳುವುದು ಇಷ್ಟೇ. ಬಳಸಿ ಮಿಕ್ಕು ಚಿಮಣಿ ತುದಿಯಲ್ಲಿ ಉರಿದುಹೋಗುವ ಗ್ಯಾಸ್ ತಿಂಗಳಿಗೆ ಎಷ್ಟು? ಬಳ್ಳಾರಿ, ಕೊಪ್ಪಳದ ಪ್ರತಿ ಕಾರ್ಖಾನೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿ ಈ ಲೆಕ್ಕ ತರಿಸಿಕೊಂಡು, ನಮ್ಮಂಥವರಿಗೂ ಅರ್ಥವಾಗುವಂತೆ ಕನ್ನಡದಲ್ಲಿ ಪ್ರಕಟಿಸಲಿ. ನಿಜವಾಗಿ ಮಿಗುತ್ತಿದ್ದರೆ ಕಾರ್ಖಾನೆಯ ಕಾಂಪೌಂಡಿನಲ್ಲೇ ಒಂದೆರಡು ಮೆಗಾವಾಟಿನ ಘಟಕ ಹಾಕಿ ನೋಡಲಿ. ಹೈಡ್ರೋಜನ್ ತುಂಬಿಕೊಂಡು ಲಾರಿ ಓಡಿಸುವ ಗೋಜು ಬೇಡ, ಕರೆಂಟನ್ನು ಜೆಸ್ಕಾಂ ಲೈನಿಗೆ ಕೊಟ್ಟರೆ ಸಾಕು.

ಇಂತಿ,
ಒಬ್ಬ ಓದುಗ, ತೋರಣಗಲ್ಲು