ಲಾಗೋಸ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಕಾರು ಚಾಲಕನ ಮಗ ವಿಶ್ವವಿದ್ಯಾಲಯ ಸೇರಿದ ವರ್ಷವೇ ಯಾವುದೋ ರಹಸ್ಯ ಕೂಟದವರ ಹಿಂದೆ ಸುತ್ತುತ್ತಿದ್ದಾನೆ, ಓದುವ ಹುಡುಗನಿಗೆ ಈ ಉಸಾಬರಿ ಏಕೆ ಎಂದು ಕೇಳಿದ್ದೀಯ. ಧಾರವಾಡದಲ್ಲಿ ಕುಳಿತು ನೈಜೀರಿಯದ ಬಗ್ಗೆ ನಿನಗೇ ಹೇಳುವುದು ಅಧಿಕಪ್ರಸಂಗ. ಆದರೂ ಹಾಸ್ಟೆಲ್ ಹುಡುಗರ ನಡುವೆಯೇ ತಲೆ ನರೆತವನು ನಾನು, ಸುಮ್ಮನಿರಲಾರೆ.

ಇದರ ಮೂಲ ನೋಡಿದರೆ ನಗು ಬರುತ್ತದೆ. 1952ರಲ್ಲಿ ಇಬಾದಾನ್‌ನ ಕಾಲೇಜಿನಲ್ಲಿ ವೋಲೆ ಸೋಯಿಂಕಾ ಸೇರಿ ಏಳು ಹುಡುಗರು ‘ಪೈರೇಟ್ಸ್’ ಎಂಬ ಕೂಟ ಕಟ್ಟಿದ್ದು ಬಿಳಿಯರ ಠೀವಿ ತೋರುತ್ತಿದ್ದ ಸಿರಿವಂತ ಸಹಪಾಠಿಗಳನ್ನು ಗೇಲಿ ಮಾಡಲು. ಅದೇ ಸೋಯಿಂಕಾ 1986ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. ಪೈರೇಟ್ಸ್ 1984ರಲ್ಲೇ ಕ್ಯಾಂಪಸ್ ಬಿಟ್ಟರು. ಆದರೆ ಅಷ್ಟರಲ್ಲಿ ಬಕನೀರ್ಸ್, ಬ್ಲ್ಯಾಕ್ ಆಕ್ಸ್ ಎಂದು ಬೇರೆಯವು ಬೇರೂರಿದ್ದವು. 1999ರ ಜುಲೈ 10ರ ನಸುಕಿನಲ್ಲಿ ಇಫೆಯ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ನುಗ್ಗಿದ ಇಂಥ ಕೂಟದವರು ಐವರು ವಿದ್ಯಾರ್ಥಿಗಳನ್ನು ಕೊಂದರು. ಸತ್ತವರಲ್ಲಿ ಒಬ್ಬ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ.

ತಲೆಬುರುಡೆಯ ಚಿಹ್ನೆ, ನಡುರಾತ್ರಿಯ ದೀಕ್ಷೆ, ಅಲ್ಲಿ ಬೀಳುವ ಏಟು ಇವೆಲ್ಲ ಆಮೇಲಿನ ಮಾತು. ಮೊದಲು ಬರುವುದು ಉಪಕಾರ. ನಮ್ಮಲ್ಲಿ ಅಂಥ ಕೂಟಗಳಿಲ್ಲ, ಸರಿ. ಆದರೆ ಮುಂಡರಗಿ ಕಡೆಯ ಬಸ್ಸಿನಲ್ಲಿ ಬಂದ ರೊಟ್ಟಿಬುತ್ತಿಯನ್ನು ಹೊಸ ಹುಡುಗ ಎತ್ತಿಕೊಳ್ಳುವ ಮೊದಲೇ ಹಿರಿಯನೊಬ್ಬ ಹೆಗಲಿಗೇರಿಸಿಕೊಳ್ಳುತ್ತಾನೆ. “ನನ್ನ ಕೋಣೆಯಲ್ಲೇ ಇರು, ನೋಟ್ಸ್ ಕೊಡುತ್ತೇನೆ, ಯಾರೂ ನಿನ್ನ ತಂಟೆಗೆ ಬರುವುದಿಲ್ಲ” ಎನ್ನುತ್ತಾನೆ. ವಾರದೊಳಗೆ ಬುತ್ತಿಯ ಶೇಂಗಾ ಹಿಂಡಿ ಖಾಲಿ, ಹುಡುಗ ಅವನ ಬಟ್ಟೆ ಒಗೆಯುತ್ತಿರುತ್ತಾನೆ. ಹಾಸ್ಟೆಲ್ ಸೀಟು ಸಿಗದವನೇ ಹೀಗೆ ಬೇಗ ಸಿಕ್ಕಿಬೀಳುವುದು. 2009ರಿಂದ ಯುಜಿಸಿ ಪ್ರತಿ ವಿದ್ಯಾರ್ಥಿಯಿಂದಲೂ ಪಾಲಕರಿಂದಲೂ ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಕಾಗದ ಇರಲಿ, ಬೇಡವೆನ್ನುವುದಿಲ್ಲ. ಮಲಗಲು ಮಂಚ ಕೊಡುವವರು ಯಾರು?

ನಿಮ್ಮಲ್ಲಿಯೂ ಹಾಸ್ಟೆಲ್ ಸಿಗದವರು ಪರರ ಕೋಣೆಯ ನೆಲದ ಮೇಲೆ ದಿನ ದೂಡುತ್ತಾರಂತೆ. ಆದ್ದರಿಂದ ಹುಡುಗನಿಗೆ ಬುದ್ಧಿವಾದ ಬೇಡ. ರಾತ್ರಿ ಎಲ್ಲಿ ಮಲಗುತ್ತಾನೆ, ಊಟದ ದುಡ್ಡು ಯಾರದು, ಅಷ್ಟನ್ನು ಅವನ ಅಪ್ಪನಿಂದ ಕೇಳಿಸು. ದೀಕ್ಷೆ ಆಗಿಬಿಟ್ಟರೆ ಹೊರಬರುವುದು ಜೀವಕ್ಕೇ ಸಂಚಕಾರ, ಹಾಗಾಗಿ ತಡ ಮಾಡಬೇಡ. ಅಲ್ಲಿ ವರ್ಷದ ಬಾಡಿಗೆಯನ್ನು ಒಮ್ಮೆಗೇ ಕೇಳುತ್ತಾರೆ ಎಂದು ನೀನೇ ಹಿಂದೆ ಗೊಣಗಿದ್ದೆ. ಹೊರಗೊಂದು ಕೋಣೆಗೆ ಆ ಹಣ ನೀನೇ ಕೊಡು, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡರಾಯಿತು. ಚಾಲಕ ಬೇಡವೆಂದರೂ ಬಿಡಬೇಡ.

ನಿನ್ನ
ಧಾರವಾಡದ ಗೆಳೆಯ