ಹುಟ್ಟುಗುಣ ಮತ್ತು ವ್ಯಕ್ತಿತ್ವ: ಪೋಷಕರಿಗೆ ಪತ್ರ

ಬೆಂಗಳೂರು

ಆತ್ಮೀಯ ಪೋಷಕರೇ,

ನಮಸ್ಕಾರ. ಶನಿವಾರದ ಸಭೆಯಲ್ಲಿ ನಿಮ್ಮಲ್ಲಿ ಹಲವರು ಒಂದೇ ಮಾತು ಕೇಳಿದಿರಿ. "ಮೇಡಂ, ಇವನು ಯಾರ ಜೊತೆಗೂ ಬೆರೆಯಲ್ಲ. ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರಿಸೋಣ್ವಾ?" ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿತ್ತು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಸದ್ದಾದರೆ ಬೆಚ್ಚುವುದು, ಹೊಸಬರನ್ನು ಕಂಡರೆ ಅಮ್ಮನ ಸೆರಗು ಹಿಡಿಯುವುದು, ಕೂತಲ್ಲಿ ಕೂರದಿರುವುದು, ಇವೆಲ್ಲ ಎಳೆಗೂಸಿನಲ್ಲೇ ಕಾಣುತ್ತವೆ. ಇದು ಹುಟ್ಟುಗುಣ. ಮನಃಶಾಸ್ತ್ರದಲ್ಲಿ ಮನೋಧರ್ಮ ಅನ್ನುತ್ತಾರೆ. ವ್ಯಕ್ತಿತ್ವ ಅದರ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಮನೆ, ಗೆಳೆಯರು, ರೂಢಿಗಳು, 'ನಾನು ಎಂಥವನು' ಎಂದು ಮಗು ತನ್ನ ಬಗ್ಗೆ ಅಂದುಕೊಳ್ಳುವುದು, ಎಲ್ಲ ಅದರಲ್ಲಿ ಸೇರುತ್ತವೆ.

ನ್ಯೂಯಾರ್ಕಿನ ವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ಶುರುಮಾಡಿ, 133 ಮಕ್ಕಳನ್ನು ಅವರು ದೊಡ್ಡವರಾಗುವ ತನಕ ಗಮನಿಸಿದರು. ಸುಮಾರು ನೂರಕ್ಕೆ 40 ಮಕ್ಕಳು ಸಲೀಸಾಗಿ ಹೊಂದಿಕೊಳ್ಳುವವರು, 10 ಮಕ್ಕಳು ಹಟದವರು, 15 ಮಕ್ಕಳು ನಿಧಾನವಾಗಿ ಒಗ್ಗಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಮಗುವಿನ ಸ್ವಭಾವಕ್ಕೂ ದೊಡ್ಡವರ ನಿರೀಕ್ಷೆಗೂ ತಾಳೆಯಾಗದಿದ್ದಾಗಲೇ ತೊಂದರೆ ಬೆಳೆಯುತ್ತದೆ ಎಂದು ಅವರು ಕಂಡುಕೊಂಡರು. ಬಾಡಿಗೆ ಮನೆ ಬದಲಾದಾಗಲೆಲ್ಲ ಶಾಲೆ, ಗೆಳೆಯರು ಬದಲಾಗುವ ನಮ್ಮ ಊರಲ್ಲಿ ನಿಧಾನದ ಮಗುವಿಗೆ ಕಷ್ಟ ಜಾಸ್ತಿ, ಅಲ್ವಾ?

ಒಂದನೇ ತರಗತಿಯ ಒಬ್ಬ ಹುಡುಗಿ ಜೂನ್ ಪೂರ್ತಿ ಕಿಟಕಿ ಪಕ್ಕ ಸುಮ್ನೆ ನಿಂತಿರುತ್ತಿದ್ದಳು. ಟೀಚರ್ ಒತ್ತಾಯ ಮಾಡಲಿಲ್ಲ. ದಿನಾ ಹಾಜರಿ ಪುಸ್ತಕ ತಂದುಕೊಡುವ ಕೆಲಸ ವಹಿಸಿದರು. ದಸರಾ ರಜೆ ಕಳೆದ ಮೇಲೆ ಕುಂಟೆಬಿಲ್ಲೆಗೆ ಅವಳೇ ಬೇರೆಯವರನ್ನು ಕರೆಯತೊಡಗಿದಳು. ಹೊಸ ಜಾಗಕ್ಕೆ ಹೋದರೆ ಈಗಲೂ ಮೊದಲು ಗೋಡೆಗೆ ಒರಗಿ ಎಲ್ಲರನ್ನೂ ನೋಡುತ್ತಾಳೆ. ಆಮೇಲೆ ಸೇರಿಕೊಳ್ಳುತ್ತಾಳೆ. 'ಹುಟ್ಟುಗುಣ ಸುಟ್ಟರೂ ಹೋಗದು' ಅನ್ನುವ ಗಾದೆ ಆ ಗೋಡೆಯ ಮಟ್ಟಿಗೆ ನಿಜ. ಆಟಕ್ಕೆ ಕರೆಯುವ ಧೈರ್ಯ ಮಾತ್ರ ಅವಳು ಇಲ್ಲಿ ಗಳಿಸಿದ್ದು.

ದಯವಿಟ್ಟು ಮಗುವಿನ ಎದುರಿಗೆ "ಇವಳಿಗೆ ನಾಚಿಕೆ ಜಾಸ್ತಿ", "ಇವನು ಮಹಾ ತುಂಟ" ಅನ್ನಬೇಡಿ. ಮಕ್ಕಳು ಆ ಮಾತನ್ನೇ ತಮ್ಮ ಹೆಸರೆಂದು ನಂಬಿಬಿಡುತ್ತಾರೆ. ಮುಂದಿನ ಸಭೆಗೆ ಬರುವಾಗ ನಮ್ಮ ಟೀಚರಿಗೆ ಇಷ್ಟು ತಿಳಿಸಿ: ಮದುವೆ ಮನೆಗೋ ನೆಂಟರ ಮನೆಗೋ ಹೋದಾಗ ನಿಮ್ಮ ಮಗು ಹೇಗಿರುತ್ತದೆ, ಒಗ್ಗಿಕೊಳ್ಳಲು ಎಷ್ಟು ಹೊತ್ತು ಬೇಕು, ಯಾರು ಜೊತೆಗಿದ್ದರೆ ಧೈರ್ಯ. ಬರಲಾಗದಿದ್ದರೆ ಚೀಟಿ ಬರೆದು ಡೈರಿಯಲ್ಲಿಟ್ಟು ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ