ವಸೂಲಿಗೆ ಹುಬ್ಬಳ್ಳಿ, ತಕರಾರಿಗೆ ಚೆನ್ನೈ: ಸಚಿವ ಪ್ರಲ್ಹಾದ ಜೋಶಿಯವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿಯವರೇ,

ನಮಸ್ಕಾರ. ನೀವು ಧಾರವಾಡ ಕ್ಷೇತ್ರದ ಸಂಸದರು. 2024ರ ಜೂನ್‌ನಿಂದ ಕೇಂದ್ರದ ಗ್ರಾಹಕ ವ್ಯವಹಾರಗಳ ಖಾತೆಯೂ ನಿಮ್ಮ ಬಳಿಯೇ ಇದೆ. ಈ ಪತ್ರದ ವಿಷಯ ಆ ಎರಡೂ ಹೊಣೆಗೆ ಸೇರಿದ್ದು.

ಸಾಲದ ಕರಾರು, ಫ್ಲ್ಯಾಟ್ ಬುಕಿಂಗ್, ಮೊಬೈಲ್ ಆ್ಯಪ್, ನೌಕರಿಯ ನೇಮಕಾತಿ ಪತ್ರ, ಇವುಗಳ ಕೊನೆಯ ಪುಟಗಳಲ್ಲಿ ಬಹಳ ಸಲ ಒಂದು ಷರತ್ತು ಇರುತ್ತದೆ: ತಕರಾರು ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಖಾಸಗಿ ಮಧ್ಯಸ್ಥರ ಮುಂದೆಯೇ ಇತ್ಯರ್ಥ ಆಗಬೇಕು, ಅದೂ ಕಂಪನಿ ಹೇಳಿದ ಊರಿನಲ್ಲಿ. ಇದನ್ನು ಗ್ರಾಹಕರ ಮೇಲೆ ಹೇರುವುದನ್ನು ಕಾಯ್ದೆಯಲ್ಲೇ ತಡೆಯಿರಿ ಎಂಬುದು ನನ್ನ ಬೇಡಿಕೆ.

ನಮ್ಮ ಓಣಿಯ ಹುಡುಗನೊಬ್ಬ ಅಮರಗೋಳದ ಎಪಿಎಂಸಿಯಿಂದ ಕಾಯಿಪಲ್ಯೆ ಸಾಗಿಸಲೆಂದು ಸಾಲ ಮಾಡಿ ಸಣ್ಣ ಗೂಡ್ಸ್ ಗಾಡಿ ತೆಗೆದುಕೊಂಡ. ಕರಾರು ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲ್‌ನಿಂದ ಗುರುತು ಹಾಕಿ ಕೊಟ್ಟಿದ್ದರು, ಅವನು ಗುರುತು ನೋಡಿ ಸಹಿ ಹಾಕುತ್ತ ಹೋದ. ಕೆಲವು ಕಂತು ತಪ್ಪಿದವು, ದಂಡದ ಲೆಕ್ಕದಲ್ಲಿ ಜಗಳ ಬಿತ್ತು. ಅದು ಬಗೆಹರಿಯುವ ಮೊದಲೇ ರಿಜಿಸ್ಟರ್ ಪೋಸ್ಟ್ ಬಂತು. “ಕಾಕಾ, ಇದೇನೈತಿ ಸ್ವಲ್ಪ ಓದಿ ಹೇಳ್ರಿ” ಎಂದು ನನ್ನ ಕೈಗಿಟ್ಟ. ಚೆನ್ನೈನ ವಕೀಲರೊಬ್ಬರು ಆರ್ಬಿಟ್ರೇಟರ್. ಅವರನ್ನು ನೇಮಿಸಿದ್ದು ಸಾಲ ಕೊಟ್ಟ ಕಂಪನಿಯೇ. ವಿಚಾರಣೆ ಮುಂದಿನ ವಾರ, ಚೆನ್ನೈನಲ್ಲಿ. ಒಂದು ದಿನ ಗಾಡಿ ನಿಂತರೆ ಅಂದಿನ ಗಳಿಕೆಯೇ ಇಲ್ಲ ಎನ್ನುವವನು ಅಲ್ಲಿಗೆ ಹೋಗಿ, ಗುರುತಿಲ್ಲದ ಊರಲ್ಲಿ ವಕೀಲರನ್ನು ಹಿಡಿದು ವಾದಿಸುವುದು ಹೇಗೆ? ಹೋಗಲಿಲ್ಲ. ಅವನ ಗೈರುಹಾಜರಿಯಲ್ಲೇ ತೀರ್ಪು ಆಯಿತು.

1996ರ ಆರ್ಬಿಟ್ರೇಶನ್ ಕಾಯ್ದೆಯ 36ನೇ ಕಲಂ ಪ್ರಕಾರ ಆ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಆಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ನೇರವಾಗಿ ಜಾರಿ ಅರ್ಜಿ ಹಾಕಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಜಪ್ತಿಗೆ ಕಂಪನಿ ಹುಬ್ಬಳ್ಳಿಗೇ ಬರಬಹುದು. ತೀರ್ಪು ರದ್ದು ಮಾಡಿಸಬೇಕೆಂದರೆ ಮಾತ್ರ ಈ ಹುಡುಗ 34ನೇ ಕಲಂ ಹಿಡಿದು ಚೆನ್ನೈ ಕೋರ್ಟಿಗೆ ಹೋಗಬೇಕು, ಏಕೆಂದರೆ ಕರಾರಿನಲ್ಲಿ ಬರೆದಿರುವ ಊರು ಅದು. ಅದಕ್ಕೂ ಮೂರು ತಿಂಗಳ ಗಡುವು. ಸರಿಯಾದ ಕಾರಣ ತೋರಿಸಿದರೆ ಇನ್ನೊಂದು 30 ದಿನ, ಅಷ್ಟೇ. ಹೈಕೋರ್ಟ್ ಪೀಠ ಬೇಕೆಂದು ಈ ಭಾಗದ ವಕೀಲರು ವರ್ಷಗಟ್ಟಲೆ ಹೋರಾಡಿದ್ದು ನಿಮಗೆ ಗೊತ್ತೇ ಇದೆ. ಧಾರವಾಡಕ್ಕೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅಷ್ಟು ಹೋರಾಡಿ ಹತ್ತಿರ ತಂದುಕೊಂಡ ನ್ಯಾಯವನ್ನು ಯಾರೂ ಓದದ ಒಂದು ಷರತ್ತು ಕಸಿದುಕೊಳ್ಳುತ್ತಿದೆ.

ಸುಪ್ರೀಂ ಕೋರ್ಟ್ ಗ್ರಾಹಕರ ಕೈ ಬಿಟ್ಟಿಲ್ಲ. ಇಂಥ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದೆಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ತಾವೇ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತು. ಹೊಟ್ಟೆಪಾಡಿಗೆ ಗಾಡಿ ಕೊಂಡು ಸ್ವತಃ ದುಡಿಯುವವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ, ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಈ ರಕ್ಷಣೆ ಮೊದಲು ಎದ್ದು ಹೋದವರಿಗೆ ಸಿಗುವಂಥದ್ದು. ಕಾನೂನು ವಿಭಾಗ ಇಟ್ಟುಕೊಂಡ ಕಂಪನಿಯೇ ಮೊದಲು ಹೋಗುತ್ತದೆ. ಆರ್ಬಿಟ್ರೇಟರ್ ತೀರ್ಪು ಕೊಟ್ಟ ಮೇಲೆ ಆಯೋಗದ ಮೆಟ್ಟಿಲೇರಿದರೆ, ಇದು ತೀರ್ಮಾನವಾದ ವಿಷಯ ಎಂಬ ಆಕ್ಷೇಪ ಎದುರಾಗುತ್ತದೆ.

ನೌಕರಿಯ ಕರಾರು ನಿಮ್ಮ ಖಾತೆಯದಲ್ಲ, ಆದರೂ ಸಂಪುಟದಲ್ಲಿ ಮಾತೆತ್ತಬಲ್ಲಿರಿ. ಸಂಬಳ ಬಾಕಿಯ ವ್ಯಾಜ್ಯ ಕಾರ್ಮಿಕ ಕಾಯ್ದೆಯಡಿಯ ಪ್ರಾಧಿಕಾರಕ್ಕೆ ಸೇರಿದ್ದು, ಆರ್ಬಿಟ್ರೇಶನ್‌ಗೆ ಅಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೊದಲ ನೌಕರಿಗೆ ಸೇರುವ ನಮ್ಮ ಮಕ್ಕಳನ್ನು ಹೆದರಿಸಲು ನೇಮಕಾತಿ ಪತ್ರದ ಆ ಒಂದು ಸಾಲೇ ಸಾಕು.

ಗ್ರಾಹಕ ಕಾಯ್ದೆಯ 2(46)ನೇ ಕಲಂ ಅನ್ಯಾಯದ ಕರಾರು ಯಾವುದೆಂದು ಪಟ್ಟಿ ಮಾಡಿದೆ. ವಿಪರೀತ ಠೇವಣಿ ಅಲ್ಲಿದೆ, ಮಿತಿಮೀರಿದ ದಂಡ ಇದೆ, ಅವಧಿಗೆ ಮುಂಚೆ ಸಾಲ ತೀರಿಸಲು ಬಿಡದಿರುವುದೂ ಇದೆ. ಬಲವಂತದ ಆರ್ಬಿಟ್ರೇಶನ್ ಹೆಸರಿಲ್ಲ. ಅದನ್ನೂ ಸೇರಿಸಿ. ಯುರೋಪ್ 1993ರ ನಿರ್ದೇಶನದಲ್ಲೇ ಅದನ್ನು ತನ್ನ ಪಟ್ಟಿಗೆ ಸೇರಿಸಿತ್ತು. ಇಬ್ಬರು ವ್ಯಾಪಾರಸ್ಥರು ಸರಿಸಮ ಕೂತು ಒಪ್ಪಿದರೆ ಆರ್ಬಿಟ್ರೇಶನ್ ಒಳ್ಳೆಯದೇ. ಗ್ರಾಹಕನ ವಿಷಯದಲ್ಲಿ, ತಕರಾರು ಹುಟ್ಟಿದ ಮೇಲೆ ಅವನಾಗಿ ಬರೆದುಕೊಟ್ಟರೆ ಮಾತ್ರ ಅದು ನಡೆಯಲಿ. ಅನ್ಯಾಯದ ಕರಾರಿನ ದೂರನ್ನು ಈಗ ಜಿಲ್ಲಾ ಆಯೋಗ ಕೇಳುವಂತಿಲ್ಲ, 47ನೇ ಕಲಂ ಅದನ್ನು ರಾಜ್ಯ ಆಯೋಗಕ್ಕೆ ಕೊಟ್ಟಿದೆ. ಗದಗ, ಹಾವೇರಿಯ ಸಣ್ಣ ಸಾಲಗಾರ ಅಲ್ಲಿಯವರೆಗೆ ಯಾಕೆ ಹೋಗಬೇಕು? ಆ ಅಧಿಕಾರ ಜಿಲ್ಲೆಗೆ ಬರಲಿ.

ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಆನ್‌ಲೈನ್ ಮಾರಾಟದ ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಇದಕ್ಕೂ ಒಂದು ಹೊರಡಲಿ: ಗ್ರಾಹಕರಿಗೆ ಕಳಿಸುವ ಪ್ರತಿಯೊಂದು ಆರ್ಬಿಟ್ರೇಶನ್ ನೋಟಿಸಿನ ಮೊದಲ ಪುಟದಲ್ಲಿ, ನಮಗಾದರೆ ಕನ್ನಡದಲ್ಲಿ, “ನೀವು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು” ಎಂಬ ಸಾಲು ದಪ್ಪ ಅಕ್ಷರದಲ್ಲಿರಲಿ, ಕೆಳಗೆ 1915 ಸಹಾಯವಾಣಿ ಸಂಖ್ಯೆ ಇರಲಿ. ಇದಕ್ಕೆ ಅಧಿವೇಶನದವರೆಗೆ ಕಾಯಬೇಕಿಲ್ಲ. ಏನು ಮಾಡುತ್ತೀರಿ ಎಂಬುದನ್ನು ಕ್ಷೇತ್ರದ ಜನರಿಗೆ ಬಹಿರಂಗವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಮತದಾರ